ಬ್ಯಾಂಡಿನ ಬೆನ್ನು ಹತ್ತಿದ ಚಿಗವ್ವ

ಮದುವೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಮದುಮಕ್ಕಳ ಮುಖವನ್ನೇ ನೋಡದೆ ಬಂದವರನ್ನು ನೀವು ಕಂಡಿದ್ದೀರಾ? ನಾನು ದಿನಾ ಕಾಣುತ್ತೇನೆ. ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ನಮ್ಮವ್ವನ ತಂಗಿ, ನನ್ನ ಚಿಗವ್ವ! ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬಂದವಳನ್ನು ನಮ್ಮವ್ವ ಆಸೆಯಿಂದ ಕೇಳಿದಳು:

“ಹುಡುಗಿ ಹೆಂಗದಾಳ?”

“ಹುಡುಗಿ ಕಡೆ ಬ್ಯಾಂಡು ಸುಮಾರು. ಹುಡುಗನ ಕಡೆ ಬ್ಯಾಂಡು ಮಾತ್ರ ಬಾಳ ಚಲೋ ಐತಿ!”

ನಮ್ಮವ್ವ ಹಣೆ ಚಚ್ಚಿಕೊಂಡಳು.

ಚಿಗವ್ವ ಕೊಟ್ಟೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಡಂ. ಕಾಲೇಜಿಗೆ ಪುಟ್ಟದೊಂದು ರೇಡಿಯೋ ಕೇಂದ್ರ ಬಂದಾಗ ಅದನ್ನು ನೋಡಿಕೊಳ್ಳಲು ಕನ್ನಡದವರು ಒಲ್ಲೆ ಅಂದರು. ಇತಿಹಾಸದವರಿಗೆ ಬಿ.ಪಿ. ಇತ್ತು. ಆಮ್ಲಕ್ಕೇ ಹೆದರದವಳು ಮೈಕಿಗೆ ಹೆದರುತ್ತಾಳೆಯೇ ಎಂದು ಪ್ರಾಂಶುಪಾಲರು ಅದನ್ನು ಚಿಗವ್ವನ ಕೊರಳಿಗೆ ಕಟ್ಟಿದರು. ಮೊದಲ ಕೆಲವು ತಿಂಗಳು ಬೆಳಿಗ್ಗೆ ಸಂಜೆ ಎರೆಹುಳು ಗೊಬ್ಬರದ ಭಾಷಣವೇ ಭಾಷಣ. ಎರೆಹುಳುಗಳಿಗೂ ಬೇಸರ ಬಂದಿರಬೇಕು! ಆಮೇಲೊಂದು ದಿನ ಚಿಗವ್ವ ಘೋಷಿಸಿಬಿಟ್ಟಳು: ಇನ್ನು ಮೇಲೆ ಪ್ರತಿ ಶನಿವಾರ ಸಂಜೆ “ನಮ್ಮೂರ ಬ್ಯಾಂಡು.” ಸುತ್ತಲಿನ ತಾಲೂಕುಗಳ ಬ್ಯಾಂಡಿನವರು, ಆರ್ಕೆಸ್ಟ್ರಾದವರು, ಭಜನೆಯವರು ಬಂದು ನೇರವಾಗಿ ಬಾರಿಸಬೇಕು, ಹಾಡಬೇಕು.

“ಮೊದಲೇ ರೆಕಾರ್ಡ್ ಮಾಡಿ ಇಟ್ಕೊಂಡ್ರ ಆಗಲ್ಲೇನು ಚಿಗವ್ವಾ?” ಎಂದೆ ನಾನು.

“ಅದು ತಂಗಳ ರೊಟ್ಟಿ. ಇದು ಬಿಸಿ ರೊಟ್ಟಿ. ಬಾ, ವೈರು ಹಿಡಿ!”

ನನ್ನದು ಮೊಬೈಲ್ ರಿಪೇರಿ ಅಂಗಡಿ. ‘ವೈರು ಗೊತ್ತಿದ್ದವ’ ಎಂಬ ಒಂದೇ ಅರ್ಹತೆಯ ಮೇಲೆ ನಾನು ಆ ಕೇಂದ್ರದ ಸಂಬಳವಿಲ್ಲದ ತಂತ್ರಜ್ಞನಾದೆ.

ಸ್ಟುಡಿಯೋ ಎಂದರೆ ಕಾಲೇಜಿನ ಹಳೆಯ ಸಾಮಾನಿನ ಕೋಣೆ. ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ ಕೇಳುತ್ತಿತ್ತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಪ್ರತಿಧ್ವನಿ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದೇ ತಡ, ಚಿಗವ್ವ ನಾಲ್ಕೂ ಗೋಡೆಗೆ ಅಂಟಿಸಿಬಿಟ್ಟಳು. ಹಣೆ ತುಂಬ ವಿಭೂತಿ ಹಚ್ಚಿದ ಆಡಳಿತ ಮಂಡಳಿಯ ಹಿರಿಯರೊಬ್ಬರು ಅದನ್ನು ನೋಡಿ ಬಾಗಿಲಲ್ಲೇ ಗಕ್ಕನೆ ನಿಂತರು.

“ಏನ್ರಿ ಮೇಡಂ ಇದು! ಕಾಲೇಜಿನ ಗ್ವಾಡಿಗೆ ತತ್ತಿ?”

“ತತ್ತಿ ಎಲ್ಲಿ ಅದಾವ್ರಿ ಸಾವ್ಕಾರ್ರ? ಬರೇ ಟ್ರೇ. ಖಾಲಿ ಟ್ರೇ ಶುದ್ಧ ಸಸ್ಯಾಹಾರಿ!”

ಹಿರಿಯರು ಬಹಳ ಹೊತ್ತು ಯೋಚಿಸಿದರು. ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲವೆಂದು ಕಾಣುತ್ತದೆ. ಹೋಗುವ ಮುಂಚೆ ಗೋಡೆಯನ್ನು ಒಮ್ಮೆ ಮೂಸಿ ನೋಡಿ ಹೋದರು!

ಮೊದಲ ಶನಿವಾರ ಹರಪನಹಳ್ಳಿಯ ಬ್ರಾಸ್ ಬ್ಯಾಂಡು ಬಂತು. ಮೂವರು ಕೂರುವ ಕೋಣೆಗೆ ಜರಿಯ ಕೋಟು ತೊಟ್ಟ ಇಡೀ ತಂಡವೇ ನುಗ್ಗಿತು. ಉದ್ದ ಕೊಳವೆಯ ವಾದ್ಯದವನು ಕಿಟಕಿಯಿಂದ ಕೊಳವೆ ಹೊರಗೆ ಚಾಚಿಯೇ ಊದಬೇಕಾಯಿತು. ದೊಡ್ಡ ಡ್ರಮ್ಮು ಬಾಗಿಲಲ್ಲೇ ಹಿಡಿಯಲಿಲ್ಲ. ಅದರವನು ವರಾಂಡದಲ್ಲಿ ನಿಂತ. ಒಳಗೆ ಹಾಡು ಮುಗಿದದ್ದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು? ಚಿಗವ್ವನ ಸಂದರ್ಶನ ಶುರುವಾದರೂ ಹೊರಗೆ ಢಂ ಢಂ ನಡೆದೇ ಇತ್ತು. ಮರುದಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆ ಹೊಗಳಿದಳು: “ಮೇಡಮ್ಮಾರ, ನಿಮ್ಮ ಮಾತಿಗೆ ತಾಳ ಬಾಳ ಚಂದ ಕೂಡಿತ್ತು ನೋಡ್ರಿ!”

ಸ್ಟುಡಿಯೋದ ಕಥೆ ಇಷ್ಟಾದರೆ ದಾರಿಯದು ಇನ್ನೊಂದು. ನನ್ನ ಬೈಕಿನ ಹಿಂದೆ ಕೂತರೆ ಅವಳ ಕಿವಿ ನಾಲ್ಕೂ ದಿಕ್ಕಿಗೆ ತಿರುಗುತ್ತದೆ. ಒಮ್ಮೆ ಕೂಡ್ಲಿಗಿ ರಸ್ತೆಯಲ್ಲಿ, “ನಿಲ್ಸಲೇ, ನಿಲ್ಸು! ಭಜನಿ!” ಎಂದು ನನ್ನ ಬೆನ್ನಿಗೆ ಗುದ್ದಿ, ಬೈಕು ನಿಲ್ಲುವ ಮೊದಲೇ ಇಳಿದು, ರೆಕಾರ್ಡರ್ ಹಿಡಿದು ಓಡಿದಳು. ಹೋಗಿ ನೋಡಿದರೆ ಅದು ಶವಯಾತ್ರೆ! ವಾಪಸು ಬರುತ್ತಾಳೇನು? ಅವರ ಜೊತೆಗೇ ನಡೆದಳು, ಎಲ್ಲರೊಂದಿಗೆ ತಾನೂ ಅತ್ತಳು, ಮಣ್ಣು ಹಾಕಿಯೇ ಬಂದಳು.

“ತೀರಿಕೊಂಡವ್ರು ಯಾರು ಚಿಗವ್ವಾ?”

“ಗೊತ್ತಿಲ್ಲೋ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆದ್ರ ದಮ್ಮಡಿ ಬಾರ್ಸಿದಾಂವ, ಏನು ಬಾರ್ಸಿದ್ನಪ್ಪಾ!”

ಅವಳ ಇನ್ನೊಂದು ರೋಗ, ಇದ್ದದ್ದನ್ನು ಇದ್ದ ಹಾಗೇ ಹೇಳುವುದು. ಅದೂ ರೇಡಿಯೋದಲ್ಲಿ! ಹಡಗಲಿ ಕಡೆಯ ಆರ್ಕೆಸ್ಟ್ರಾ ಒಂದರ ಬಗ್ಗೆ, “ಗಾಯಕರು ಚೆನ್ನಾಗಿ ಹಾಡಿದರು, ಕೀಬೋರ್ಡಿನವರೂ ಚೆನ್ನಾಗಿ ನುಡಿಸಿದರು, ಆದರೆ ಇಬ್ಬರೂ ಬೇರೆ ಬೇರೆ ಹಾಡು” ಎಂದುಬಿಟ್ಟಳು. ಸೋಮವಾರ ಆರ್ಕೆಸ್ಟ್ರಾದ ಮಾಲೀಕ ಕೆಂಡವಾಗಿ ಬಂದ. ಚಿಗವ್ವ ಅವನಿಗೆ ಮಂಡಕ್ಕಿ ಮಿರ್ಚಿ ತರಿಸಿ, ಅವನ ಆರ್ಕೆಸ್ಟ್ರಾದ ರೆಕಾರ್ಡಿಂಗನ್ನೇ ಕೇಳಿಸಿದಳು. ಅವನು ಅರ್ಧ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ಕೊನೆಗೆ, “ಆ ಕೀಬೋರ್ಡಿನಾಂವ ನನ್ನ ಹೆಂಡ್ತಿ ತಮ್ಮ ಅದಾನ್ರಿ ಮೇಡಂ. ನಾ ಹೆಂಗ ಬಿಡಿಸ್ಲಿ?” ಎಂದು ಅಳುಮೋರೆ ಮಾಡಿದ. ಈಗ ಆ ಹೆಂಡತಿಯ ತಮ್ಮ ಟಿಕೆಟು ಹರಿಯುವ ಕೆಲಸದಲ್ಲಿ ಸುಖವಾಗಿದ್ದಾನೆ.

ಇಂಥ ಚಿಗವ್ವನ ಎದುರು ಒಂದು ಶನಿವಾರ ಕಾನಹೊಸಹಳ್ಳಿ ಕಡೆಯ ಬ್ಯಾಂಡಿನ ಯಜಮಾನರು ಬಂದು ಕೂತರು. ವಯಸ್ಸಾದ ಕ್ಲಾರಿನೆಟ್ ವಾದಕರು. ಬಾರಿಸಿದ್ದಾಯಿತು, ಮಾತಾಡಿದ್ದಾಯಿತು. ಕೊನೆಗೆ ಚಿಗವ್ವ ಸಹಜವಾಗಿ ಕೇಳಿದಳು:

“ಮನ್ಯಾಗ ನಿಮ್ಮ ವಾದನ ಯಾರಿಗೆ ಬಾಳ ಸೇರ್ತೈತ್ರಿ? ಯಜಮಾನ್ತಿಗೆ?”

“ಆಕಿ ಎಲ್ಲಿ ಕೇಳ್ಯಾಳ್ರಿ!” ಯಜಮಾನರು ನಕ್ಕರು. “ಮದುವಿಗೆ ನಮ್ಮನ್ನ ಕರೀತಾರ, ನಮ್ಮ ಹೆಂಡ್ರನ್ನ ಕರೀತಾರೇನ್ರಿ? ಸಾಧನಿ ಮಾಡಾದು ಹೊಲದಾಗ. ಮನಿ ಅಂದ್ರ ಒಂದ ಖೋಲಿ.”

“ಈಗ ರೇಡಿಯೋದಾಗ ಕೇಳಿರ್ತಾರಲ್ರಿ?”

“ನಿಮ್ಮ ರೇಡಿಯೋ ನಮ್ಮೂರಿಗೆ ಎಲ್ಲಿ ಬರ್ತೈತ್ರಿ ಮೇಡಮ್ಮಾರ?”

ಚಿಗವ್ವ ಆ ದಿನ ಮನೆಗೆ ಬಂದು ಉಣ್ಣಲಿಲ್ಲ. ಮುಂದಿನ ಶನಿವಾರಕ್ಕೆ ಯಜಮಾನರನ್ನು “ಒಂದು ಹಾಡು ಉಳೀತು” ಎಂದು ಮತ್ತೆ ಕರೆದಳು. ಅವರು ಬೆಳಿಗ್ಗೆ ಕೂಡ್ಲಿಗಿಯ ಮದುವೆಗೆ ಹೋದ ಮೇಲೆ ತಾನೇ ಬಸ್ಸು ಹತ್ತಿ ಅವರ ಮನೆಗೆ ಹೋಗಿ ಅವರ ಹೆಂಡತಿಯನ್ನು ಕರೆತಂದು ಸ್ಟುಡಿಯೋದಲ್ಲಿ ಕೂರಿಸಿದಳು. ಸಂಜೆ ಮದುವೆಯಿಂದ ನೇರ ಬಂದ ಯಜಮಾನರು ಬಾಗಿಲಲ್ಲೇ ಬೆಚ್ಚಿದರು.

“ನೀ ಯಾಕ ಇಲ್ಲಿ? ಎಮ್ಮಿ ಯಾರು ನೋಡ್ಕೊಳ್ಳಾರು?”

“ಎಮ್ಮಿನ ಕೇಳೇ ಬಂದೀನ್ರಿ.”

ಊರೂರಿನ ಮದುವೆಗಳಲ್ಲಿ ಊದಿದ ಮನುಷ್ಯ ಕ್ಲಾರಿನೆಟ್ ಬಾಯಿಗಿಟ್ಟರೆ ‘ಕೀಂವ್’ ಎಂದಿತು! ಮತ್ತೆ ಊದಿದರು. ಮತ್ತೆ ಕೀಂವ್. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಚಿಗವ್ವ ಮೈಕಿನಲ್ಲಿ, “ಕೇಳುಗರೆ, ಜರಾ ತಡ್ಕೋರಿ. ಯಜಮಾನ್ರಿಗೆ ಇವತ್ತು ಪರೀಕ್ಷಾ ಐತಿ” ಎಂದಳು. ಯಜಮಾನರು ಹಣೆ ಒರೆಸಿಕೊಂಡು, ಹೆಂಡತಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ನಿಂತು ಊದಿದರು. ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಬಾರಿಸುವ, ಮೆಲ್ಲಗೆ ಸಾಗುವ ಧಾಟಿ ಅದು. ನಾನು ವೈರು ಹಿಡಿದುಕೊಂಡು ಹಾಗೇ ನಿಂತೆ.

ಮುಗಿದಾಗ ಚಿಗವ್ವ ಮೈಕನ್ನು ಆಕೆಯ ಮುಂದೆ ಹಿಡಿದಳು. “ಹೆಂಗಿತ್ರಿ?”

ಆಕೆ ಗಂಡನ ಬೆನ್ನನ್ನೇ ನೋಡಿದಳು.

“ಮದುವಿ ಮುಗಿಸ್ಕೊಂಡು ಬಂದಾಗೆಲ್ಲಾ ಎದಿ ನೋವಂತ ಮಲಗ್ತಿದ್ರು ಇವ್ರು. ಎಣ್ಣಿ ಬಿಸಿ ಮಾಡಿ ತಿಕ್ಕತಿದ್ದೆ. ಇಷ್ಟು ಉಸ್ರು ಎಲ್ಲಿಗೆ ಹೋಗ್ತೈತಿ ಅಂತಿದ್ದೆ. ಇದಕ್ಕ ಹೋಗ್ತಿತ್ತೇನ್ರಿ?”

ಚಿಗವ್ವ ಮೈಕನ್ನು ಮೇಜಿನ ಮೇಲಿಟ್ಟು ಆಕೆಯ ಕೈ ಹಿಡಿದುಕೊಂಡು ಕೂತಳು. ಯಜಮಾನರು ಗೋಡೆ ಬಿಟ್ಟು ತಿರುಗಲೇ ಇಲ್ಲ. ಅವರ ಜರಿಯ ಕೋಟಿನ ಭುಜ ಅಲುಗುತ್ತಿತ್ತು.

“ಇನ್ನೊಂದು ಬಾರ್ಸ್ರಿ,” ಅಂದಳು ಹೆಂಡತಿ. “ಈ ಕಡಿ ಮುಖ ಮಾಡಿ ಬಾರ್ಸ್ರಿ.”

ಯಜಮಾನರು ತಿರುಗಿದರು.