ಎಡಗೈಯ ಹತ್ತೊಂಬತ್ತು ಎಲೆಗಳು

ಸ್ಕೇಲ್ ಮೇಡಂ ಅವರ ಮನೆತನ ಮೂರು ತಲೆಮಾರಿನಿಂದ ಒಂದೇ ಶಾಲೆಯಲ್ಲಿ ಪಾಠ ಹೇಳಿಕೊಂಡು ಬಂದಿದೆ. ಅಜ್ಜಿ ಕೆಲಸಕ್ಕೆ ಸೇರಿದಾಗ ಆ ಶಾಲೆಗೆ ನಾಲ್ಕು ಕೋಣೆ, ಒಂದು ಗಂಟೆ. ಆ ಗಂಟೆಯನ್ನು ಬಾರಿಸುವವನು ಗಡಿಯಾರ ನೋಡುತ್ತಿರಲಿಲ್ಲ, ಗೇಟಿನಲ್ಲಿ ಅಜ್ಜಿ ಕಾಣಿಸಿದರೆ ಬಾರಿಸುತ್ತಿದ್ದ. ತಾಯಿ ಮೂವತ್ತಮೂರು ವರ್ಷ ಕಲಿಸಿದರು. ತಡವಾಗಿ ಬಂದದ್ದು ಒಂದೇ ದಿನ. ಅದು ಮಗಳು ಹುಟ್ಟಿದ ದಿನ, ಅದಕ್ಕೂ ಮೊದಲೇ ಚೀಟಿ ಕಳಿಸಿದ್ದರು. ಆ ಮಗಳೇ ಈಗ ಇಪ್ಪತ್ತೆಂಟು ವರ್ಷದಿಂದ ಕೈಕೆಲಸ ಕಲಿಸುತ್ತಿರುವ ಸ್ಕೇಲ್ ಮೇಡಂ. ಹೆಸರು ಮಕ್ಕಳು ಇಟ್ಟದ್ದು. ಗೌರವದಿಂದ ಇಟ್ಟದ್ದೆಂದು ಅವರು ತಿಳಿದಿದ್ದರು, ಏಕೆಂದರೆ ಅವರ ತಾಯಿಗೆ ಮಕ್ಕಳು ಇಟ್ಟಿದ್ದ ಹೆಸರು ಇದಕ್ಕಿಂತ ಗಟ್ಟಿಯಾದದ್ದು. ಈ ಮೂವರಲ್ಲಿ ಯಾರೊಬ್ಬರೂ ಕಾಗದದ ಹೂವಿನ ಅಡಿಯಿಂದ ಅಂಟು ಒಸರಲು ಬಿಟ್ಟವರಲ್ಲ.

ಆ ಶಾಲೆಯಲ್ಲಿ ಋತುಗಳು ಮೇಲಿನ ಕಚೇರಿಯ ವೇಳಾಪಟ್ಟಿಯ ಪ್ರಕಾರ ಬರುತ್ತವೆ. ಹೂವಿನ ಕಾಲಕ್ಕೆ ಕಾಗದದ ಹೂ, ಬೇಸಗೆಗೆ ಹಳದಿ ಸೂರ್ಯ, ಮಳೆಗೆ ಛತ್ರಿ, ಎಲೆ ಉದುರುವ ಕಾಲಕ್ಕೆ ಕೆಂಪು ಎಲೆ. ಆ ವರ್ಷ ಎಲೆ ಉದುರುವ ಕಾಲ ಒಂದನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಗೆ ಆರಂಭವಾಯಿತು. ಅಂಗಳದ ದೊಡ್ಡ ಮರಕ್ಕೆ ವೇಳಾಪಟ್ಟಿ ತಲುಪಿರಲಿಲ್ಲವಾಗಿ ಅದು ಚಿಗುರುತ್ತಿತ್ತು. ಮಕ್ಕಳಿಗೆ ಗೊಂದಲ ಆಗಬಾರದೆಂದು ಆ ಕಡೆಯ ಕಿಟಕಿಗಳನ್ನು ಮುಚ್ಚಲಾಯಿತು.

ಅದಕ್ಕೂ ಹಿಂದಿನ ತಿಂಗಳು ಮಕ್ಕಳು ಮುನ್ನೂರ ಹನ್ನೆರಡು ಕಾಗದದ ಛತ್ರಿ ಮಾಡಿದ್ದರು. ಅವುಗಳ ಅಂಚು ಸೊಟ್ಟಗಿತ್ತು. ಸ್ಕೇಲ್ ಮೇಡಂ ಶಾಲೆ ಬಿಟ್ಟ ಮೇಲೆ ಕೂತು ಮುನ್ನೂರ ಹನ್ನೆರಡನ್ನೂ ಮತ್ತೆ ಕತ್ತರಿಸಿ ನೇರ ಮಾಡಿದರು. ಇದರಿಂದ ಛತ್ರಿಗಳು ಸುಧಾರಿಸಿದವು. ಅವರ ಬಲಗೈ ಹೆಬ್ಬೆರಳು ಕೆಟ್ಟಿತು. ಬೆಳಿಗ್ಗೆ ಎದ್ದರೆ ಮಡಚಿಕೊಂಡೇ ಇರುತ್ತಿತ್ತು, ಬಿಡಿಸಿದರೆ ಟಕ್ಕೆಂದು ಸದ್ದು ಮಾಡುತ್ತಿತ್ತು.

ಮೂಳೆ ಡಾಕ್ಟರು ಬೆರಳನ್ನು ಎರಡು ಸಲ ಬಿಡಿಸಿ ನೋಡಿದರು.

"ಮೂರು ವಾರ ಕತ್ತರಿ ಮುಟ್ಟಬೇಡಿ. ಶಾಲೆಗೂ ಹೋಗ್ಬೇಡಿ. ಹೋದ್ರೆ ನೀವು ಸುಮ್ನೆ ಕೂರೋರಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ."

"ಹೋದರೆ ಏನಾಗುತ್ತೆ?"

"ಬೆರಳು ಹೀಗೇ ಕೂತುಬಿಡುತ್ತೆ. ಆಮೇಲೆ ನಾನಲ್ಲ, ಯಾರು ಬಂದ್ರೂ ಏಳಲ್ಲ."

ಸ್ಕೇಲ್ ಮೇಡಂ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ರಜೆಯ ಅರ್ಜಿ ಬರೆದರು. ಅದನ್ನು ಹಿಡಿದು ಹೆಡ್ ಮೇಡಂ ಕೋಣೆಗೆ ಹೋದಾಗ, ಅವರು ಅದೇ ಬೆಳಿಗ್ಗೆ ಬಂದ ಸುತ್ತೋಲೆಯನ್ನು ಓದುತ್ತಿದ್ದರು. ಅರ್ಜಿ ನೋಡಿ ಅವರ ಮುಖ ಅರಳಿತು.

"ಎಂಥ ಗಳಿಗೆ ನೋಡಿ ಮೇಡಂ! ಶಿಕ್ಷಕರು ತಮ್ಮನ್ನ ತಾವು ನೋಡ್ಕೋಬೇಕು ಅಂತ ಕಚೇರಿಯವರೇ ಬರೆದಿದ್ದಾರೆ."

ಸುತ್ತೋಲೆ ಹೀಗಿತ್ತು: "ಶಿಕ್ಷಕರು ಇತರರನ್ನು ನೋಡಿಕೊಳ್ಳುವ ಭರದಲ್ಲಿ ತಮ್ಮನ್ನು ತಾವು ಕಡೆಗಣಿಸುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಪ್ರತಿಯೊಬ್ಬ ಶಿಕ್ಷಕರೂ ದಿನಕ್ಕೆ ಕನಿಷ್ಠ ಹತ್ತು ನಿಮಿಷ ಕಡ್ಡಾಯವಾಗಿ ತಮ್ಮ ಆರೈಕೆ ಮಾಡಿಕೊಳ್ಳತಕ್ಕದ್ದು. ಪ್ರತಿ ಹತ್ತು ನಿಮಿಷದ ಆರೈಕೆಗೆ ಪುರಾವೆಯಾಗಿ, ಆಯಾ ಋತುವಿಗೆ ತಕ್ಕ ಕಾಗದದ ಎಲೆಯೊಂದನ್ನು ಸ್ವಹಸ್ತದಿಂದ ಕತ್ತರಿಸಿ, ಆರೈಕೆಯ ಸ್ವರೂಪವನ್ನು ಅದರ ಮೇಲೆ ನಮೂದಿಸಿ, ಪಡಸಾಲೆಯಲ್ಲಿ ನಿಲ್ಲಿಸುವ 'ನೆಮ್ಮದಿ ಮರ'ಕ್ಕೆ ಅಂಟಿಸತಕ್ಕದ್ದು. ಅರವತ್ತು ಎಲೆ ಪೂರೈಸದವರ ಅನಾರೋಗ್ಯ ರಜೆಯನ್ನು ಪರಿಗಣಿಸತಕ್ಕದ್ದಲ್ಲ. ದಿನಕ್ಕೆ ಹತ್ತು ನಿಮಿಷ ತಮ್ಮನ್ನು ನೋಡಿಕೊಳ್ಳಲಾರದವರ ವಶಕ್ಕೆ ಒಮ್ಮೆಲೇ ಮೂರು ವಾರ ಒಪ್ಪಿಸುವುದು ಕ್ಷೇಮಕರವಲ್ಲ."

"ಕತ್ತರಿ ಹಿಡಿಯೋಕಾಗಲ್ಲ ಅಂತಲೇ ನಾನು ರಜೆ ಕೇಳ್ತಿರೋದು," ಎಂದರು ಸ್ಕೇಲ್ ಮೇಡಂ.

"ಹೌದಲ್ವಾ. ಅರವತ್ತು ಎಲೆ ಕತ್ತರಿಸಿಬಿಡಿ, ಆಮೇಲೆ ಹಿಡಿಯೋದೇ ಬೇಡ."

ಈ ಮಾತಿನಲ್ಲಿ ಸ್ಕೇಲ್ ಮೇಡಂ ಅವರಿಗೆ ತಪ್ಪೇನೂ ಕಾಣಲಿಲ್ಲ. ನಿಯಮ ಎಂದರೆ ನಿಯಮ. ಅವರ ಅಜ್ಜಿ ಜ್ವರದಲ್ಲಿ ನಡುಗುತ್ತಲೇ ಹಾಜರಿ ಕರೆದವರು.

ನೆಮ್ಮದಿ ಮರದ ಕಾಂಡವನ್ನು ರಟ್ಟಿನಿಂದ ಮಾಡಿ ಪಡಸಾಲೆಯಲ್ಲಿ ನಿಲ್ಲಿಸಿದರು. ಕಚೇರಿ ಕಳಿಸಿದ ಮಾದರಿ ಎಲೆಗೆ ಏಳು ಮೊನೆ, ಮೊನೆಗೊಂದು ನರ. ಒಂದು ಎಲೆ ಕತ್ತರಿಸಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಹತ್ತು ನಿಮಿಷ ಸುಧಾರಿಸಿಕೊಂಡವರು ಇಪ್ಪತ್ತು ನಿಮಿಷ ಕತ್ತರಿ ಆಡಿಸಬೇಕು. ಶಾಲೆ ಬಿಟ್ಟ ಮೇಲೆ ಐದೂವರೆವರೆಗೂ ಶಿಕ್ಷಕರ ಕೋಣೆಯಲ್ಲಿ ಮಾತಿಲ್ಲ ಕತೆಯಿಲ್ಲ, ಬರೀ ಕಚಕಚ ಸದ್ದು. ಒಂದು ವಾರದಲ್ಲಿ ಎಲ್ಲರೂ ಸುಧಾರಿಸಿಕೊಳ್ಳುವುದನ್ನು ಬಿಟ್ಟು ನೇರವಾಗಿ ಎಲೆಗೇ ಕೈ ಹಾಕಿದರು. ಸಮಯ ಉಳಿಯಿತು.

ಹಾಡಿನ ಟೀಚರು ಮಾತ್ರ ಕತ್ತರಿ ಹಿಡಿಯುತ್ತಿರಲಿಲ್ಲ. ಕೆಂಪು ಕಾಗದವನ್ನು ಕೈಯಿಂದಲೇ ಪರಪರ ಹರಿದು, ಅಂಟನ್ನು ಮುಖಕ್ಕೆ ಕೆನೆ ಹಚ್ಚಿದ ಹಾಗೆ ಹಚ್ಚಿ, ಮರಕ್ಕೆ ಒಂದೇಟು ಬಿಗಿಯುತ್ತಿದ್ದರು. ಒಂದು ಎಲೆಯ ಮೇಲೆ "ಕಿಟಕಿಯಿಂದ ಮರ ನೋಡಿದೆ" ಎಂದು ಬರೆದಿದ್ದರು. ಆ ಕಡೆಯ ಕಿಟಕಿ ಮುಚ್ಚಿರುವುದರಿಂದ ಅದನ್ನು ತಿರಸ್ಕರಿಸಲಾಯಿತು. ಅವರು "ಮುಚ್ಚಿದ ಕಿಟಕಿ ನೋಡಿದೆ" ಎಂದು ತಿದ್ದಿದರು. ಅಂಗೀಕಾರವಾಯಿತು.

"ಇದು ಎಲೆನಾ?" ಎಂದು ಸ್ಕೇಲ್ ಮೇಡಂ ಒಮ್ಮೆ ಕೇಳಿಯೇಬಿಟ್ಟರು.

"ಹುಳ ತಿಂದಿರೋ ಎಲೆ ಮೇಡಂ. ಹುಳಕ್ಕೂ ನೆಮ್ಮದಿ ಬೇಡ್ವಾ?"

ಸ್ಕೇಲ್ ಮೇಡಂ ಮುಖ ತಿರುಗಿಸಿಕೊಂಡು ತಮ್ಮ ಹದಿನೇಳನೇ ಎಲೆಯ ನರ ಮಡಚಿದರು.

ನಲವತ್ತೊಂದನೇ ಎಲೆಯ ಕೊನೆಯ ಮೊನೆ ಮುಗಿಸುವಾಗ ಹೆಬ್ಬೆರಳು ಕತ್ತರಿಯ ಕುಣಿಕೆಯೊಳಗೇ ಸಿಕ್ಕಿಕೊಂಡಿತು. ಬಿಡಿಸಲು ಹೋದರೆ ಟಕ್ಕೆನ್ನಲಿಲ್ಲ. ಮನೆಗೆ ಹೋಗುವಾಗ ಕತ್ತರಿಯೂ ಜೊತೆಗೇ ಹೋಯಿತು. ನಾದಿನಿ ಸೋಪಿನ ನೊರೆ ಹಾಕಿ, ಉಸಿರು ಬಿಗಿಹಿಡಿದು, ಕತ್ತರಿಯನ್ನು ಎಳೆದು ತೆಗೆದಳು. ಬೆರಳು ಕೊಕ್ಕೆಯಂತೆ ಮಡಚಿಕೊಂಡೇ ಉಳಿಯಿತು.

"ಅಯ್ಯೋ ಅತ್ತಿಗೆ, ಇನ್ನು ಹತ್ತೊಂಬತ್ತು ತಾನೇ? ಇಲ್ಲಿ ಕೊಡಿ, ಟೀವಿ ನೋಡ್ತಾ ನೋಡ್ತಾ ಕತ್ತರಿಸಿ ಹಾಕ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ. ಸ್ವಹಸ್ತ ಅಂತ ಬರೆದಿದೆ."

"ಸ್ವಹಸ್ತ ಹೇಗೆ ಕೂತಿದೆ ಅಂತ ಒಂದ್ಸಲ ನೋಡ್ಕೊಳ್ಳಿ."

"ನನಗೆ ಇನ್ನೊಂದಿದೆ," ಎಂದು ಸ್ಕೇಲ್ ಮೇಡಂ ಎಡಗೈಯನ್ನು ಮುಂದೆ ಮಾಡಿದರು.

ಭಾನುವಾರ ಪೂರ್ತಿ ಅವರು ಹಳೆಯ ಪೇಪರಿನ ಮೇಲೆ ಎಡಗೈಗೆ ಅಭ್ಯಾಸ ಮಾಡಿಸಿದರು. ಒಂದನೇ ತರಗತಿಯ ಮಕ್ಕಳಿಗೆ ಹೇಳುವ ಹಾಗೆಯೇ ಅದಕ್ಕೂ ಹೇಳಿದರು: ಅವಸರ ಬೇಡ, ಗೆರೆ ದಾಟಬಾರದು, ಪಕ್ಕದವರ ಕಡೆ ನೋಡಬಾರದು. ಮಧ್ಯಾಹ್ನದ ಹೊತ್ತಿಗೆ ಅದು ಮೂರು ಸಲ ಬೈಸಿಕೊಂಡಿತು. ಸಂಜೆಗೆ ಕಲಿತಿತ್ತು. ಮುಂದಿನ ಶನಿವಾರದೊಳಗೆ ಹತ್ತೊಂಬತ್ತು ಎಲೆ ಮರವೇರಿದವು. ಬಲಗೈಯ ಎಲೆ ಯಾವುದು, ಎಡಗೈಯದು ಯಾವುದು ಎಂದು ಹೆಡ್ ಮೇಡಂಗೂ ಹೇಳಲಾಗಲಿಲ್ಲ.

ಸೋಮವಾರ ಆರೈಕೆ ಪರಿವೀಕ್ಷಕರು ಬಂದರು. ಕಣ್ಣಿನ ಕೆಳಗೆ ಚೀಲ ಇಳಿದಿದ್ದ, ಸೊರಗಿದ ಮನುಷ್ಯ; ಮೂರು ವಾರದಲ್ಲಿ ತೊಂಬತ್ತು ಶಾಲೆಗಳ ನೆಮ್ಮದಿಯನ್ನು ಎಣಿಸಿ ಬಂದಿದ್ದರು. ಹಾಡಿನ ಟೀಚರ ಎಲೆಗಳನ್ನು ನೋಡಿ "ಸಹಜವಾಗಿದೆ" ಎಂದು ಬರೆದುಕೊಂಡರು. ಸ್ಕೇಲ್ ಮೇಡಂ ಅವರ ಎಲೆಗಳ ಮುಂದೆ ನಿಂತು ಜೇಬಿನಿಂದ ಭೂತಗನ್ನಡಿ ತೆಗೆದರು.

"ನಲವತ್ತೊಂದು ಎಲೆ ಬಲದಿಂದ ಎಡಕ್ಕೆ ಕತ್ತರಿಸಿದೆ. ಹತ್ತೊಂಬತ್ತು ಎಡದಿಂದ ಬಲಕ್ಕೆ. ಎರಡು ಕೈ ಕೆಲಸ ಮಾಡಿವೆ."

"ಹೌದು ಸಾರ್. ಎರಡೂ ನನ್ನವೇ."

"ಇರಿ." ಅವರು ಹೆಡ್ ಮೇಡಂ ತಂದಿಟ್ಟ ಸೇವಾ ಪುಸ್ತಕವನ್ನು ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ 'ಕೆಲಸ ಮಾಡುವ ಕೈ: ಬಲ' ಅಂತಿದೆ. ನೀವೇ ಸಹಿ ಮಾಡಿದ್ದೀರಿ."

"ಮಾಡಿದ್ದೀನಿ."

"ಹಾಗಾದ್ರೆ ಎಡಗೈಯನ್ನ ಇಲಾಖೆ ಕೆಲಸಕ್ಕೆ ತಗೊಂಡಿಲ್ಲ. ಈ ಹತ್ತೊಂಬತ್ತು ಎಲೆ ಹೊರಗಿನವರು ಕತ್ತರಿಸಿದ್ದು ಅಂತಾಯ್ತು."

ಸ್ಕೇಲ್ ಮೇಡಂ ಒಂದು ಕೆಂಪು ಕಾಗದ ತೆಗೆದುಕೊಂಡು, ಎಲ್ಲರೆದುರೇ, ಎಡಗೈಯಿಂದ ಏಳು ಮೊನೆಯ ಎಲೆ ಕತ್ತರಿಸಿ ಮೇಜಿನ ಮೇಲಿಟ್ಟರು. ಪರಿವೀಕ್ಷಕರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಇವರೇ ಕತ್ತರಿಸಿದ್ದು ಅಂತ ಈಗ ಖಾತ್ರಿಯಾಯ್ತು," ಎಂದು ಎಡಗೈಯ ಕಡೆ ಪೆನ್ನು ತೋರಿಸಿದರು.

ಆದರೆ ಪರಿವೀಕ್ಷಕರು ಕೆಟ್ಟವರಲ್ಲ. ಕುರ್ಚಿ ಎಳೆದು ಕೂತು, ಸ್ವರ ತಗ್ಗಿಸಿ ದಾರಿ ತೋರಿಸಿದರು. ಹತ್ತೊಂಬತ್ತು ಎಲೆಗೆ ಹೊರಗಿನವರ ನೆರವು ಪಡೆದೆ ಎಂದು ಮೇಡಂ ಒಪ್ಪಿಗೆ ಪತ್ರ ಕೊಟ್ಟರೆ, ಆ ಕೊರತೆಯನ್ನು ಮನ್ನಾ ಮಾಡುವ ಅಧಿಕಾರ ಅವರಿಗಿತ್ತು. ರಜೆ ನಾಳೆಯಿಂದಲೇ. ಪತ್ರವೂ ಅಚ್ಚಾಗಿ ಅವರ ಚೀಲದಲ್ಲೇ ಇತ್ತು.

"ಹಾಕಿಬಿಡಿ ಮೇಡಂ," ಎಂದು ಹೆಡ್ ಮೇಡಂ ಕಿವಿಯಲ್ಲಿ ಹೇಳಿದರು. "ಬೆರಳು ಉಳಿಯುತ್ತೆ. ಒಂದು ಸಹಿ ತಾನೇ?"

"ಸಹಿ ಆಗಲ್ಲ," ಎಂದರು ಪರಿವೀಕ್ಷಕರು. "ಬಲಗೈಗೆ ಪೆನ್ನು ಹಿಡಿಯೋಕಾಗಲ್ಲ. ಎಡಗೈ ಹೊರಗಿನವರದು, ಅವರ ಸಹಿ ನಡೆಯಲ್ಲ. ಬಲಗೈ ಹೆಬ್ಬೆಟ್ಟು ಒತ್ತಿದ್ರೆ ಸಾಕು," ಎಂದು ನೀಲಿ ಶಾಯಿಯ ಡಬ್ಬಿಯ ಮುಚ್ಚಳ ತೆಗೆದರು.

ಸ್ಕೇಲ್ ಮೇಡಂ ಆ ಡಬ್ಬಿಯನ್ನು ನೋಡಿದರು. ಇದೇ ಪಡಸಾಲೆಯಲ್ಲಿ ಅವರ ಅಜ್ಜಿ ಮಕ್ಕಳ ತಾಯಂದಿರನ್ನು ಸಾಲಾಗಿ ಕೂರಿಸಿ ಅಕ್ಷರ ತಿದ್ದಿಸಿದ್ದರು. ಅವರಲ್ಲಿ ಒಬ್ಬರೂ ಮತ್ತೆ ಹೆಬ್ಬೆಟ್ಟು ಒತ್ತದ ಹಾಗೆ ಮಾಡಿ, ಶಾಲೆಯಲ್ಲಿದ್ದ ಶಾಯಿ ಡಬ್ಬಿಯನ್ನು ಚರಂಡಿಗೆ ಸುರಿದಿದ್ದರು. ಆ ನೀಲಿ ಕಲೆ ಮೆಟ್ಟಿಲ ಪಕ್ಕದಲ್ಲಿ ಇನ್ನೂ ಇದೆ.

"ಮೇಡಂ, ಒತ್ತಿಬಿಡಿ," ಎಂದರು ಹಾಡಿನ ಟೀಚರು. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಒಂದು ನಿಮಿಷದ ಕೆಲಸ. ಸೋಪು ಹಾಕಿದ್ರೆ ಹೋಗುತ್ತೆ."

"ಶಾಯಿ ಹೋಗುತ್ತೆ," ಎಂದರು ಸ್ಕೇಲ್ ಮೇಡಂ. ಡಬ್ಬಿಯ ಮುಚ್ಚಳವನ್ನು ಎಡಗೈಯಿಂದಲೇ ಸರಿಯಾಗಿ ಮುಚ್ಚಿ ಅದನ್ನು ಪರಿವೀಕ್ಷಕರ ಕಡೆ ಸರಿಸಿದರು. "ನನ್ನ ಎಡಗೈ ನನ್ನದೇ ಅಂತ ನೀವು ಬರೆದುಕೊಡಿ. ನಾನು ಕಾಯ್ತೀನಿ."

ವಿಷಯ ಮೇಲಿನ ಕಚೇರಿಗೆ ಹೋಯಿತು. ಅಲ್ಲಿ ಅದು ಎರಡು ಮೇಜು, ಒಂದು ಕಪಾಟು ದಾಟಿ, ಐದು ವಾರದ ಮೇಲೆ ಆದೇಶವಾಗಿ ಹಿಂದಿರುಗಿತು. ಹೆಡ್ ಮೇಡಂ ಅದನ್ನು ಬೆಳಗಿನ ಸಾಲಿನಲ್ಲಿ ಮಕ್ಕಳೆದುರು ಓದಿದರು.

"ಸದರಿ ಶಿಕ್ಷಕಿಯ ಎಡಗೈಯ ಕೌಶಲವನ್ನು ಪರಿಶೀಲಿಸಿ, ಅದನ್ನು ಈ ದಿನದಿಂದ ಇಲಾಖೆಯ ಸೇವೆಗೆ ಸೇರಿಸಿಕೊಳ್ಳಲಾಗಿದೆ. ಎಡಗೈಯ ಪರೀಕ್ಷಾರ್ಥ ಅವಧಿ ಎರಡು ವರ್ಷ. ಈ ಅವಧಿಯಲ್ಲಿ ಅದಕ್ಕೆ ರಜೆ ಇರುವುದಿಲ್ಲ. ಎರಡು ಕೈಗಳಿಗೆ ಪ್ರತ್ಯೇಕ ರಜೆ ನೀಡಲು ಅವಕಾಶವಿಲ್ಲದ ಕಾರಣ, ಬಲಗೈಯ ಅರ್ಜಿಯನ್ನು ಎಡಗೈಯ ಅವಧಿ ಮುಗಿದ ಬಳಿಕ ಪರಿಗಣಿಸಲಾಗುವುದು. ಅಲ್ಲಿಯವರೆಗೆ ಎಡಗೈಯು ಬಲಗೈಯ ಕೆಲಸವನ್ನೂ ನಿರ್ವಹಿಸತಕ್ಕದ್ದು. ಎಡಗೈ ಈಗಾಗಲೇ ಕತ್ತರಿಸಿರುವ ಹತ್ತೊಂಬತ್ತು ಎಲೆಗಳ ಅಂಚು ತೃಪ್ತಿಕರವಾಗಿದೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ಮುಂದೆ ಬಂದು ಸ್ಕೇಲ್ ಮೇಡಂ ಅವರ ಎಡಗೈ ಕುಲುಕಿ ಅಭಿನಂದಿಸಿದರು. ಅರವತ್ತು ಹುಳ ತಿಂದ ಎಲೆ ಪೂರೈಸಿ ಮಾದರಿ ಶಿಕ್ಷಕಿಯೆಂದು ಘೋಷಿತರಾಗಿದ್ದ ಹಾಡಿನ ಟೀಚರನ್ನು ಅದೇ ವಾರ ಕಡ್ಡಾಯ ವಿಶ್ರಾಂತಿಗೆ ಕಳಿಸಲಾಯಿತು. ಅವರು ರಜೆ ಬೇಡವೆಂದು ಗೇಟಿನ ತನಕ ಹೇಳುತ್ತಲೇ ಹೋದರು. ಅವರ ತರಗತಿಗಳನ್ನು ಎಡಗೈಯೂ ಸೇವೆಯಲ್ಲಿರುವವರಿಗೆ, ಅಂದರೆ ಸ್ಕೇಲ್ ಮೇಡಂಗೆ, ವಹಿಸಲಾಯಿತು.

ಮೂಳೆ ಡಾಕ್ಟರು ಬೆರಳನ್ನು ಮತ್ತೊಮ್ಮೆ ನೋಡಿ, ಬಿಡಿಸಲು ಪ್ರಯತ್ನಿಸದೆ, ಮೆಲ್ಲಗೆ ಕೆಳಗಿಟ್ಟರು. "ಕೂತುಬಿಟ್ಟಿದೆ," ಎಂದರು.

"ಇರಲಿ," ಎಂದರು ಸ್ಕೇಲ್ ಮೇಡಂ. "ಚೀಲ ತಗುಲಿಸಿಕೊಳ್ಳೋಕೆ ಅನುಕೂಲ."

ಮನೆಯಲ್ಲಿ ನಾದಿನಿ ಅತ್ತಳು, ಆಮೇಲೆ ಬೈದಳು, ಆಮೇಲೆ ಅನ್ನ ಬಡಿಸಿದಳು. ಅತ್ತಿಗೆ ಎಡಗೈಯಿಂದ ಒಂದು ಅಗುಳೂ ಚೆಲ್ಲದೆ ಉಂಡು ಎದ್ದದ್ದನ್ನು ನೋಡಿ, ಇನ್ನು ಮಾತಾಡಿ ಫಲವಿಲ್ಲವೆಂದು ತಟ್ಟೆ ಎತ್ತಿದಳು.

ಮರುದಿನ ಚಳಿಗಾಲ ಒಂಬತ್ತೂವರೆಗೆ ಆರಂಭವಾಯಿತು. ಅಂಗಳದ ಮರ ಹೂ ಬಿಟ್ಟಿತ್ತು; ಉಳಿದ ಕಿಟಕಿಗಳನ್ನೂ ಮುಚ್ಚಲಾಯಿತು. ಆರುನೂರು ಬಿಳಿ ನಕ್ಷತ್ರಗಳ ಬೇಡಿಕೆ ಪಟ್ಟಿ ಮೇಜಿನ ಮೇಲಿತ್ತು. ಸ್ಕೇಲ್ ಮೇಡಂ ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಮೊದಲು ಒಂದು ಹಾಳೆ ತೆಗೆದುಕೊಂಡು, ಇಲಾಖೆಯ ಸೇವೆಗೆ ಸೇರಿದ ಎಡಗೈಯಿಂದ, ಅಜ್ಜಿ ತಿದ್ದಿಸುತ್ತಿದ್ದಂಥ ದುಂಡಗಿನ ಅಕ್ಷರದಲ್ಲಿ ಕಚೇರಿಗೆ ಹೀಗೆ ಬರೆದರು:

"ಆದೇಶ ತಲುಪಿದೆ. ರಜೆಯ ವಿಷಯದಲ್ಲಿ, ಬೆರಳಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಹತ್ತೊಂಬತ್ತು ಎಲೆಗಳ ಅಂಚು 'ತೃಪ್ತಿಕರ' ಎಂದು ನಮೂದಿಸಿದ್ದೀರಿ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾವ ಅಂಚೂ ತೃಪ್ತಿಕರವಾಗಿರಲಿಲ್ಲ. ನೇರವಾಗಿತ್ತು. ಈ ಪತ್ರ ತಲುಪಿದ ಏಳು ದಿನದೊಳಗೆ ಕ್ಷಮೆ ಕೇಳಿ. ಲಿಖಿತವಾಗಿ ಕೇಳಿ."