ಗೆಜ್ಜೆ ಜಟಕಾದ ಪತ್ತೇದಾರ

ನಮ್ಮ ಚಿಕ್ಕಪ್ಪನಿಗೆ ಇಡೀ ಬೆಂಗಳೂರಿನಲ್ಲಿ ನಂಬಿಕೆಯಿದ್ದದ್ದು ಒಬ್ಬರ ಮೇಲೆ ಮಾತ್ರ, ಅದು ತಮ್ಮ ಮೇಲೆ. ಅದೂ ಅಷ್ಟಕ್ಕಷ್ಟೇ! ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ಕೊನೆಯವರೆಗೆ ಹೋದವರು ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಿದ್ದರು.

ಕಾಲೇಜು ಓದಲೆಂದು ನಾನು ಶಂಕರಪುರದ ಅವರ ಮನೆಯಲ್ಲಿದ್ದೆ. ಹಾಲಿನವನು ಹಸುವನ್ನೇ ಮನೆ ಮುಂದೆ ತಂದು ಕರೆದುಕೊಡುತ್ತಿದ್ದ ಕಾಲ ಅದು. ಕರೆಯುವ ಮುಂಚೆ, ನೀರಿಲ್ಲವೆಂದು ಚೊಂಬನ್ನು ಬೋರಲು ಹಾಕಿ ತೋರಿಸುವುದು ಪದ್ಧತಿ. ಚಿಕ್ಕಪ್ಪನಿಗೆ ಅಷ್ಟು ಸಾಲದು. ಅವನ ಅಂಗಿಯ ತೋಳನ್ನೂ ಮಡಿಸಿ ನೋಡುತ್ತಿದ್ದರು.

"ಹಸೂನೂ ಬೋರಲು ಹಾಕಿ ತೋರಿಸ್ಲಾ ಸ್ವಾಮಿ?" ಎಂದು ಒಂದು ದಿನ ಅವನು ಕೇಳಿಯೇಬಿಟ್ಟ.

ಚಿಕ್ಕಪ್ಪ ಒಳಗೆ ಬಂದವರೇ, "ನೋಡಿದ್ಯಾ, ಏನೋ ಗೊಣಗಿದ! ಕಳ್ಳ ಯಾವಾಗ್ಲೂ ಗೊಣಗ್ತಾನೆ," ಎಂದರು.

ಹೀಗೆ ಗೊಣಗುವವರು ದಿನೇ ದಿನೇ ಹೆಚ್ಚಿದರು. ರೇಷನ್ ಅಂಗಡಿಯವನು ಗೊಣಗುತ್ತಾನೆ, ಪಕ್ಕದ ಮನೆಯವರು ಪಿಸುಗುಟ್ಟುತ್ತಾರೆ, ಮದುವೆ ಮನೆಯಲ್ಲಿ ಬೀಗರೆಲ್ಲ ಗುಸುಗುಸು! "ಊರಿಗೆ ಊರೇ ಪಿಸುಗುಟ್ತಿದೆಯಲ್ಲೇ! ಯಾರ ಮೇಲೆ ಸಂಚು?" ಎಂದು ಚಿಕ್ಕಪ್ಪ ಗರ್ಜಿಸುತ್ತಿದ್ದರು. ಆ ಗರ್ಜನೆ ಅವರ ಹುಟ್ಟುಗುಣವೆಂದೇ ನಾನು ತಿಳಿದಿದ್ದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಬುದ್ಧಿ ಎಷ್ಟಿರುತ್ತದೆ?

ಒಂದು ಭಾನುವಾರ ಊಟ ಮುಗಿಸಿ ಚಾಪೆಯ ಮೇಲೆ ಮಲಗಿದ್ದ ಚಿಕ್ಕಪ್ಪ ಕಣ್ಣು ಬಿಟ್ಟಾಗ, ಚಿಕ್ಕಮ್ಮನ ಕೈ ಅವರ ಕಿವಿಯ ಹತ್ತಿರವಿತ್ತಂತೆ. ಬೆರಳಸಂದಿಯಲ್ಲಿ ಏನೋ ಹೊಳೆಯಿತಂತೆ. "ನೊಣ," ಎಂದು ಹೇಳಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಿಕ್ಕಮ್ಮ ಒಳಗೆ ಹೋದರಂತೆ. ನೊಣ ಹೊಳೆಯುತ್ತದೆಯೇ? ಚಿಕ್ಕಪ್ಪ ತಮ್ಮ ಕೆಂಪು ಹರಳಿನ ಒಂಟಿಗಳನ್ನು ತಡವಿ ನೋಡಿಕೊಂಡರು. ಎರಡೂ ಕಿವಿಯಲ್ಲೇ ಇದ್ದವು.

ನನ್ನನ್ನು ಮೂಲೆಗೆ ಕರೆದು ಹೇಳಿದರು: "ಒಂಟಿ ಬಿಚ್ಚೋಕೆ ಇವತ್ತು ಅಳತೆ ತಗೊಂಡಿದಾಳೆ. ಶನಿವಾರ ಶನಿವಾರ ಹೂವು ಹಿಡ್ಕೊಂಡು ದೇವಸ್ಥಾನಕ್ಕೆ ಅಂತ ಹೋಗ್ತಾಳಲ್ಲ, ದೇವಸ್ಥಾನ ಇರೋದು ಎಡಕ್ಕೆ, ಇವಳು ತಿರುಗೋದು ಬಲಕ್ಕೆ!"

ನನಗೆ ನಗು ಬಂತು. ಆದರೆ ಅವರ ದನಿ ಮೊದಲ ಸಲ ಇಳಿದಿತ್ತು.

"ಹಾಲಿನವನು ಮೋಸ ಮಾಡ್ಲಿ, ಅಂಗಡಿಯವನು ಮಾಡ್ಲಿ ಕಣೇ. ಇಷ್ಟು ವರ್ಷ ಸಂಸಾರ ಮಾಡಿ ಇವಳೂ ಮುಚ್ಚಿಟ್ರೆ, ನಂಗೆ ಇನ್ಯಾರಿದಾರೆ?"

ಪಾಪ ಅನ್ನಿಸಿತು. ಪತ್ತೇದಾರಿಕೆಗೆ ನಾನೂ ಒಪ್ಪಿಕೊಂಡೆ.

ಶನಿವಾರ ಸಂಜೆ ಚಿಕ್ಕಮ್ಮ ಹೊರಟ ಕೂಡಲೆ ಚಿಕ್ಕಪ್ಪ ಜಟಕಾ ಗೊತ್ತುಮಾಡಿದರು. ನಿಂತಿದ್ದ ನಾಲ್ಕು ಜಟಕಾಗಳಲ್ಲಿ ಗಾಲಿ ಅಲ್ಲಾಡಿಸಿ, ಕುದುರೆಯ ಹಲ್ಲು ನೋಡಿ ಆರಿಸಿದ್ದು, ಕತ್ತಿನ ತುಂಬ ಗೆಜ್ಜೆ ಕಟ್ಟಿದ್ದ ಕುದುರೆಯನ್ನು!

"ಚಿಕ್ಕಪ್ಪಾ, ಇದು ಬೇಡ..."

"ಶ್! ಸದ್ದಿಲ್ಲದ ಹಾಗೆ ಹೋಗ್ಬೇಕು!" ಎಂದು ಗುಟ್ಟಾಗಿ ಹೇಳಿದರು. ಆ ಗುಟ್ಟಿಗೆ ಎದುರು ಮನೆಯ ಕಿಟಕಿ ತೆರೆಯಿತು.

ಮುಂದೆ ಚಿಕ್ಕಮ್ಮ, ಹಿಂದೆ ಘಲ್ ಘಲ್ ಎಂದು ನಾವು. ಚಾಮರಾಜಪೇಟೆ ದಾಟುವವರೆಗೂ ಆಕೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಕೊನೆಗೆ ಓಣಿಯೊಂದರಲ್ಲಿ ಸುಣ್ಣ ಬಳಿದ ಪುಟ್ಟ ಗುಡಿಯೊಳಕ್ಕೆ ಹೋದರು. ನೆತ್ತಿಯ ಮೇಲೆ ಶಿಲುಬೆ! ಮೇರಿ ಮಾತೆಯ ಗುಡಿ!

ಬಾಗಿಲಲ್ಲಿ ಒಬ್ಬ ಅಜ್ಜಿ ಮೇಣದ ಬತ್ತಿಗಳ ಜೊತೆ ಪುಟ್ಟ ಕಣ್ಣು, ಕೈ, ಕಾಲು, ತೊಟ್ಟಿಲುಗಳನ್ನು ಹರಡಿಕೊಂಡಿದ್ದಳು. ಚಿಕ್ಕಪ್ಪ ಒಂದು ಕಾಲನ್ನೆತ್ತಿ, "ಬೆಳ್ಳೀನಾ?" ಎಂದರು.

"ತಗಡು ಸ್ವಾಮಿ. ನೋಯೋ ಜಾಗಕ್ಕೆ ಮೂರು ಸಲ ಮುಟ್ಟಿಸ್ಕೊಂಡು ಬಂದು ಅಮ್ಮನ ಪಾದದಲ್ಲಿ ಇಡ್ಬೇಕು."

ಹರಕೆಯ ವಿಷಯ ಅವರ ತಲೆಗೆ ಹೋಗಲೇ ಇಲ್ಲ. ಅಜ್ಜಿಯ ತುಟಿ ಅಲ್ಲಾಡಿದ್ದಷ್ಟನ್ನು ನೋಡಿ, "ಇವಳೂ ಗೊಣಗ್ತಾಳೆ," ಎಂದು ಒಳಗೆ ನುಗ್ಗಿದರು. ಚಪ್ಪಲಿಯನ್ನು ಬಿಟ್ಟರೆ ಕದಿಯುತ್ತಾರೆಂದು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡೇ!

ಒಳಗೆ ಕುಂಕುಮವಿಟ್ಟವರೂ ಶಿಲುಬೆಯ ಸರ ಹಾಕಿದವರೂ ಒಟ್ಟಿಗೆ ಕೂತಿದ್ದರು. ಚಿಕ್ಕಮ್ಮ ಮಾತೆಗೆ ಮಲ್ಲಿಗೆ ಏರಿಸಿ, ಸೆರಗಿನ ಗಂಟು ಬಿಚ್ಚಿ, ಏನನ್ನೋ ಅಂಗೈಯಲ್ಲಿಟ್ಟುಕೊಂಡರು. ಎರಡು ತಗಡಿನ ಕಿವಿಗಳು.

ನಮ್ಮನ್ನು ಕಂಡು ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಗಂಡನ ಹತ್ತಿರ ಬಂದು ಜೋರಾಗಿ, "ಬಂದ್ರಾ? ಗೆಜ್ಜೆ ಸದ್ದು ಶಂಕರಪುರದಿಂದ್ಲೂ ಕೇಳಿಸ್ತಾನೇ ಇತ್ತು," ಎಂದರು.

"ಗೆಜ್ಜೆನಾ? ಎಲ್ಲಿತ್ತು ಗೆಜ್ಜೆ?" ಎಂದರು ಚಿಕ್ಕಪ್ಪ.

ಚಿಕ್ಕಪ್ಪ ನನ್ನ ಮುಖ ನೋಡಿದರು, ಹೊರಗೆ ತಲೆಯಾಡಿಸುತ್ತಿದ್ದ ಕುದುರೆಯನ್ನು ನೋಡಿದರು, ಆಮೇಲೆ ಹೆಂಡತಿಯ ಅಂಗೈಯನ್ನು. ಆಗ ನನಗೂ ಎಲ್ಲ ಅರ್ಥವಾಗಿ ನಾಚಿಕೆಯಾಯಿತು.

"ಹೇಳೋದಲ್ವೇನೇ?" ಎಂದರು.

"ಹೇಳಿದ್ರೆ, ನನ್ನ ಕಿವುಡ ಅಂದ್ಳು ಅಂತ ಊಟ ಬಿಡ್ತಿದ್ರಿ. ಬಸವನಗುಡಿ ದೇವರಿಗೆಲ್ಲಾ ಹೇಳ್ಕೊಂಡಾಯ್ತು. ಹೂವಿನವಳು ಈ ಅಮ್ಮನ್ನೂ ಕೇಳಿ ಅಂದ್ಳು. ಅವತ್ತು ಒಂದೇ ಸಲ ಮುಟ್ಟಿಸಿದ್ದೆ, ಎದ್ದುಬಿಟ್ರಿ."

ಚಿಕ್ಕಪ್ಪ ಕಂಕುಳಲ್ಲಿದ್ದ ಚಪ್ಪಲಿಯ ಗಂಟನ್ನು ಕೆಳಗಿಟ್ಟು ತಲೆ ಬಗ್ಗಿಸಿದರು. ಚಿಕ್ಕಮ್ಮ ಎಲ್ಲರೆದುರಿಗೇ, ಆ ಕಿವಿಗೊಂದು ಈ ಕಿವಿಗೊಂದು, ಮೂರು ಸಲ ಮುಟ್ಟಿಸಿದರು. ಎದ್ದು ಬರುವಾಗ ಚಿಕ್ಕಪ್ಪ ಚಪ್ಪಲಿಯನ್ನು ಅಲ್ಲೇ ಮರೆತರು. ನಾನೇ ಓಡಿಹೋಗಿ ತಂದೆ.

ಕಿವಿಯೇನೂ ಚುರುಕಾಗಲಿಲ್ಲ. ಆದರೆ ಅಲ್ಲಿಂದಾಚೆಗೆ ಯಾರಾದರೂ ಗೊಣಗಿದರೆ ಚಿಕ್ಕಪ್ಪ ಸಂಚು ಹುಡುಕುತ್ತಿರಲಿಲ್ಲ, ಚಿಕ್ಕಮ್ಮನ ಕಡೆ ತಿರುಗುತ್ತಿದ್ದರು. ಒಂದು ಬೆಳಿಗ್ಗೆ ಹಾಲಿನವನು, "ಈ ಮುದುಕನ ಅನುಮಾನಕ್ಕಿಷ್ಟು ಬೆಂಕಿ ಹಾಕ!" ಎಂದ.

"ಏನಂದ?" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಅವರ ಕಿವಿಯ ಬಳಿ ಬಾಗಿ, "ಯಜಮಾನರು ಚೆನ್ನಾಗಿದಾರಾ ಅಂತ ಕೇಳ್ದ," ಎಂದರು.

"ಚೆನ್ನಾಗಿದೀನಪ್ಪ," ಎಂದು ಚಿಕ್ಕಪ್ಪ ಅವನಿಗೆ ಕೈಮುಗಿದು, ಚೊಂಬನ್ನು ನೋಡದೆಯೇ ಒಳಗೆ ಬಂದರು.