ಪಕ್ಕದ ಕಿಟಕಿಯವರು ಸ್ಟೂಲು ರಿಪೇರಿ ಮಾಡಿದ್ದು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದೇ ಒಂದು ಮಾತು. ಅದನ್ನೂ ಮೇಲಿನ ಮನೆಯವರು ಆಡಿದ್ದು ಮನುಷ್ಯರ ಜೊತೆಗಲ್ಲ, ಟೀವಿಯ ಜೊತೆಗೆ.

"ನೀವು ಚಿಂತೆ ಬಿಡಿ ಅಜ್ಜಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ!"

ಶನಿವಾರ ಸಂಜೆ. ಬಾಲ್ಕನಿಯ ಬಾಗಿಲು ತೆರೆದಿತ್ತು. ನೇರ ಕೆಳಗಿನ ಬಾಲ್ಕನಿಯಲ್ಲಿ ಕೆಳಮನೆಯ ಅಜ್ಜಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಮೇಲಿನಿಂದ ಮಾತು ಬಿತ್ತು, ಅಜ್ಜಿ ಹಿಡಿದುಕೊಂಡರು. ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಕರೆಗಂಟೆ ಬಾರಿಸಿತು.

ಕರೆಗಂಟೆ ಬಾರಿಸುವುದು ನಿಮಗೆ ನಮಗೆ ಸುದ್ದಿಯೇ ಅಲ್ಲ. ಆ ಮನೆಯಲ್ಲಿ ಮಾತ್ರ ಅದು ದೊಡ್ಡ ಸುದ್ದಿ. ಎಷ್ಟೋ ದಿನದಿಂದ ಬಾಯಿ ಬಿಡದಿದ್ದ ಗಂಟೆ ಮೊದಲು ಗಂಟಲು ಸರಿಮಾಡಿಕೊಂಡು, ಆಮೇಲೆ ಕೂಗಿತು. ಮನೆಯ ಯಜಮಾನರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದರು.

ಈ ಯಜಮಾನರು ನೀರು ಸರಬರಾಜು ಕಚೇರಿಯ ಮೊದಲನೇ ಕಿಟಕಿಯಲ್ಲಿ ಕೂರುವ ಗುಮಾಸ್ತರು. ಕಿಟಕಿಯ ಮೇಲೆ 'ವಿಚಾರಣೆ' ಎಂಬ ಬೋರ್ಡು. ಜನ ಬಂದು ನಲ್ಲಿ, ಮೀಟರು, ಬಿಲ್ಲು ಎಂದು ಗೋಳು ತೋಡಿಕೊಳ್ಳುತ್ತಾರೆ. ಇವರು ಪೂರ್ತಿ ಕೇಳಿಸಿಕೊಂಡು "ಇಲ್ಲಲ್ಲ, ಪಕ್ಕದ ಕಿಟಕಿ" ಎನ್ನಬೇಕು. ಕೆಲಸ ಅಷ್ಟೇ. ಅದಕ್ಕಿಂತ ಹೆಚ್ಚು ಮಾಡಲು ಇವರಿಗೆ ಅಧಿಕಾರವಿಲ್ಲ. ಹೇಳಿ ಹೇಳಿ ಕಚೇರಿಯಲ್ಲೂ ಬೀದಿಯಲ್ಲೂ ಇವರ ಹೆಸರೇ ಪಕ್ಕದ ಕಿಟಕಿಯವರು ಎಂದಾಗಿ, ಸವೆದು ಸವೆದು ಬರೀ ಕಿಟಕಿಯವರು ಎಂದು ಉಳಿದಿತ್ತು. ಇಷ್ಟು ವರ್ಷದ ಸರ್ವಿಸಿನಲ್ಲಿ ಇವರಿಗೆ ಯಾರೂ ಒಂದು ಥ್ಯಾಂಕ್ಸ್ ಹೇಳಿದ್ದಿಲ್ಲ. ಥ್ಯಾಂಕ್ಸ್ ಎಲ್ಲ ಪಕ್ಕದ ಕಿಟಕಿಗೇ ಹೋಗುತ್ತಿತ್ತು.

ಮದುವೆಯಾಗಿರಲಿಲ್ಲ. ಇದ್ದ ಒಬ್ಬ ಅಕ್ಕ ದೂರದೂರಿನಲ್ಲಿ. ಹೋದ ವರ್ಷ ರಜೆಗೆ ಬಂದಿದ್ದ ಅಕ್ಕನ ಮಗ "ನಂಗೆ ಹೊಸದು ಬಂದಿದೆ ಮಾಮ, ಇದು ಇಲ್ಲೇ ಬಿದ್ದಿರ್ಲಿ" ಎಂದು ಟೀವಿಗೆ ಸಿಕ್ಕಿಸಿ ಆಡುವ ತನ್ನ ಹಳೆಯ ಗೇಮ್ ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದ. ಒಳಗಿದ್ದದ್ದು ಒಂದೇ ಆಟ, ಜಪಾನಿನವರು ಮಾಡಿದ್ದು. ಅದರಲ್ಲಿ ಕಿಟಕಿಯವರು ತಲೆಗಿಂತ ದೊಡ್ಡ ಟೋಪಿಯ ಪುಟ್ಟ ಹುಡುಗಿ. ಬೋಳುತಲೆ, ಬೀಪಿ, ಮೂಗಿನ ತುದಿಯಲ್ಲಿ ಕನ್ನಡಕ ಇರುವವರು ಪುಟ್ಟ ಹುಡುಗಿಯಾಗುವುದು ಹೇಗೆಂದು ಕೇಳಬೇಡಿ. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ.

ಆ ಹುಡುಗಿಗೊಂದು ಪುಟ್ಟ ಊರು, ಊರ ಅಂಚಿನಲ್ಲಿ ಗುಡಿಸಲು, ಗುಡಿಸಲಲ್ಲೊಂದು ದೊಡ್ಡ ಹಂಡೆ. ಕಾಡಿನಲ್ಲಿ ಸೊಪ್ಪು, ಕಲ್ಲು, ಜೇನು ಆಯ್ದು ತಂದು ಹಂಡೆಗೆ ಹಾಕಿ ಕಲಕಿದರೆ ಠಣ್ ಠಣ್ ಠಣ್ ಎಂದು ಸದ್ದಾಗಿ ಕೊನೆಗೊಂದು ಟಿಣಿಂಗ್! ಕುರ್ಚಿಯೋ ಕೊಡಲಿಯೋ ಕೆಮ್ಮಿನ ಔಷಧಿಯೋ, ಬೇಕಾದ್ದು ಸಿದ್ಧ. ಲೋಕ ಉಳಿಸು ಎಂದು ಅಲ್ಲಿ ಯಾರೂ ಪ್ರಾಣ ತಿನ್ನುವುದಿಲ್ಲ. ಬೇಕರಿಯವನ ಲಟ್ಟಣಿಗೆ ಮುರಿದಿರುತ್ತದೆ, ಬಾವಿಕಟ್ಟೆಯ ಅಜ್ಜಿಗೆ ಮೊಣಕಾಲಿಗೆ ಎಣ್ಣೆ ಬೇಕಿರುತ್ತದೆ, ಅಷ್ಟೇ. ದಾರಿಯಲ್ಲಿ ಕಂಡವರೆಲ್ಲ ಕೈ ಬೀಸಿ ಕರೆಯುತ್ತಾರೆ. ಕೇಳಿದ್ದನ್ನು ಮಾಡಿಕೊಟ್ಟರೆ ನಿಂತಲ್ಲೇ ಕುಣಿಯುತ್ತಾರೆ. ಕಾಡಿನ ಭೂತಗಳ ಕೈಯಲ್ಲಿ ಸೋತರೂ ಹುಡುಗಿ ಸಾಯುವುದಿಲ್ಲ. ತನ್ನ ಹಾಸಿಗೆಯಲ್ಲೇ ಎಚ್ಚರಾಗುತ್ತಾಳೆ, ಯಾರೋ ಹೊದಿಕೆ ಹೊದಿಸಿ ಹೋಗಿರುತ್ತಾರೆ. ಆ ಹೊದಿಕೆಗಾಗಿಯೇ ಕಿಟಕಿಯವರು ಕೆಲವು ಸಲ ಬೇಕೆಂದೇ ಸೋತದ್ದೂ ಉಂಟು.

ಶನಿವಾರದ ಮಾತು ಆ ಬಾವಿಕಟ್ಟೆಯ ಅಜ್ಜಿಗೆ ಹೇಳಿದ್ದು. ಭಾನುವಾರ ಬಾಗಿಲಲ್ಲಿ ನಿಂತದ್ದು ಕೆಳಮನೆಯ ಅಜ್ಜಿ. ಒಂದು ಕೈಯಲ್ಲಿ ಮೂರು ಕಾಲಿನ ಸ್ಟೂಲು, ಇನ್ನೊಂದು ಕೈಯಲ್ಲಿ ಅದರ ನಾಲ್ಕನೇ ಕಾಲು.

"ತಗೋಪ್ಪ. ಮೊದಲ ಕೆಲಸ ನಂದೇ ಅಂದ್ಯಲ್ಲ. ಸ್ಟೂಲು ಮುರಿದಿದ್ದು ನಿಂಗ್ಹೇಗೆ ಗೊತ್ತಾಯ್ತೋ!"

"ನಾನಾ? ಅದು..."

"ದಿನಾ ಸಂಜೆ ಕೇಳ್ತಿರ್ತೀನಿ. ಠಣ್ ಠಣ್ ಅಂತ ಬಡೀತೀಯ, ಆಮೇಲೆ ಟಿಣಿಂಗ್ ಅನ್ನುತ್ತೆ. ಮೇಲಿನ ಮನೆಯವನ ಕೈಯಲ್ಲಿ ಕಸುಬಿದೆ ಅಂತ ಇಡೀ ಬಿಲ್ಡಿಂಗಿಗೇ ಹೇಳಿದೀನಿ."

"ಇಲ್ಲಲ್ಲ, ಪಕ್ಕದ..." ಎಂಬ ಮಾತು ಕಿಟಕಿಯವರ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅದು ನಿಜವೂ ಆಗುತ್ತಿತ್ತು, ಏಕೆಂದರೆ ಪಕ್ಕದ ಮನೆಗೆ ಹೋದ ತಿಂಗಳಷ್ಟೇ ಒಬ್ಬ ಪ್ಲಂಬರ್ ತನ್ನ ಸಾಮಾನಿನ ಟ್ರಂಕಿನ ಸಮೇತ ಬಂದಿದ್ದ. ಆದರೆ ಹೇಳಿದರೆ ಅಜ್ಜಿ ಅಲ್ಲಿಗೆ ಹೋಗುತ್ತಾರೆ, ಈ ಗಂಟೆ ಮತ್ತೆ ಮಲಗಿಬಿಡುತ್ತದೆ. ಕಿಟಕಿಯವರು ಮಾತು ನುಂಗಿಕೊಂಡರು.

"ಕೊಡಿ ಅಜ್ಜಿ. ಇದೇನು ಮಹಾ!" ಎಂದರು.

ಒಳಗೆ ತಂದು ಮೇಜಿನ ಮೇಲಿಟ್ಟು ನೋಡಿದರು. ಆಟದಲ್ಲಾದರೆ ಎರಡು ಮರದ ತುಂಡು, ಒಂದು ಬಳ್ಳಿ, ದುಂಡಗಿನ ಬಟನ್ ಒತ್ತಿದರೆ ಮುಗಿಯಿತು. ಸ್ಟೂಲನ್ನು ಎಷ್ಟು ತಿರುಗಿಸಿ ನೋಡಿದರೂ ಬಟನ್ ಕಾಣಲಿಲ್ಲ. ಹುಡುಗಿಯ ರೂಪದಲ್ಲಿ ಊರಿಗೇ ಹೆಸರಾಂತ ಕುಶಲಕರ್ಮಿಯಾದ ಅವರು ನಿಜದಲ್ಲಿ ಗೋಡೆಗೊಂದು ಮೊಳೆ ಹೊಡೆದವರಲ್ಲ. ಮನೆಯಲ್ಲಿದ್ದ ಒಂದೇ ಆಯುಧ ನೇಲ್ ಕಟರ್. ಅದರಲ್ಲೇ ಸ್ಕ್ರೂ ತಿರುಗಿಸಲು ಹೋದರು. ಅದು ಎರಡು ತುಂಡಾಗಿ ಒಂದು ಸೋಫಾದ ಅಡಿಗೂ ಇನ್ನೊಂದು ಬಾಲ್ಕನಿಯಾಚೆಗೂ ಹೋಯಿತು.

ಸ್ಕ್ರೂಡ್ರೈವರಿಗಾಗಿ ಪಕ್ಕದ ಮನೆಯ ಬಾಗಿಲು ತಟ್ಟಲೇಬೇಕಾಯಿತು.

"ಕೊಡ್ತೀನಿ ಸಾರ್," ಎಂದ ಪ್ಲಂಬರ್. "ಆದ್ರೆ ನಂದೊಂದು ಕೆಲಸ. ಕೆಳಗೆ ಟೈಲರಕ್ಕನ ಹತ್ರ ನನ್ನ ಪ್ಯಾಂಟಿದೆ, ತಂದ್ಕೊಡಿ. ನಾನು ಹೋದ್ರೆ ಅವರ ಮನೆ ನಲ್ಲಿ ಯಾಕಿನ್ನೂ ಸರಿಮಾಡಿಲ್ಲ ಅಂತ ಜನ್ಮ ಜಾಲಾಡ್ತಾರೆ."

ನೆಲಮಹಡಿಯಲ್ಲಿ ಟೈಲರಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿದರು. "ಪ್ಯಾಂಟು ಆಗಿದೆ ಸಾರ್, ದಾರ ಕತ್ತರಿಸೋದು ಬಾಕಿ. ನನ್ನ ಕತ್ತರೀನ ಡ್ರಿಲ್ ಮೇಷ್ಟ್ರು ಗಿಡ ಕತ್ತರಿಸೋಕೆ ತಗೊಂಡು ಹೋಗಿದಾರೆ. ಬಟ್ಟೆ ಕತ್ತರೀಲಿ ಗಿಡ! ಹೋಗಿ ಇಸ್ಕೊಂಡು ಬನ್ನಿ."

ಟೆರೇಸಿನಲ್ಲಿದ್ದ ಡ್ರಿಲ್ ಮೇಷ್ಟ್ರು ರಿಟೈರಾಗಿದ್ದರೂ ಅವರ ಕೊರಳಿನ ಸೀಟಿ ರಿಟೈರಾಗಿರಲಿಲ್ಲ. "ಕತ್ತರಿ ಆಮೇಲೆ! ಮೊದಲು ಆ ಕುಂಡಗಳನ್ನ ಬಿಸಿಲಿಗೆ ಎಳೀರಿ, ನನಗೆ ಸೊಂಟ ಹಿಡಿದಿದೆ. ಮೊಣಕಾಲು ಮಡಿಸಿ! ಎತ್ತಿ!" ಎಂದು ಸೀಟಿ ಊದಿದರು.

ಐದನೇ ಕುಂಡ ಕಾಲ್ಬೆರಳ ಮೇಲೆ ಕೂತಾಗ ಕಿಟಕಿಯವರಿಗೆ ಫಕ್ಕನೆ ಹೊಳೆಯಿತು. ಇದು ಅದೇ ಆಟ! ಇವರಿಗೆ ಕುಂಡ, ಅವರಿಗೆ ಕತ್ತರಿ, ಇನ್ನೊಬ್ಬರಿಗೆ ಪ್ಯಾಂಟು, ಕೊನೆಗೆ ಅಜ್ಜಿಗೆ ಸ್ಟೂಲು. ಇಡೀ ಬಿಲ್ಡಿಂಗೇ ಆ ಪುಟ್ಟ ಊರಾಗಿತ್ತು. ವ್ಯತ್ಯಾಸವೆಂದರೆ ಹುಡುಗಿಗೆ ಏದುಸಿರು ಬರುವುದಿಲ್ಲ, ಇವರಿಗೆ ಬರುತ್ತಿತ್ತು. ಕತ್ತರಿ ಹಿಡಿದು ಮೆಟ್ಟಿಲಿಳಿಯುವಾಗ ಕೆಳಗಿನಿಂದ "ಸಿಕ್ತಾ ಸಾರ್?" ಎಂದು ಟೈಲರಕ್ಕ, ಮೇಲಿನಿಂದ "ಪ್ಯಾಂಟೆಲ್ಲಿ ಸಾರ್?" ಎಂದು ಪ್ಲಂಬರ್. ಒಂದೇ ಸಲಕ್ಕೆ ಇಬ್ಬರು ತಮ್ಮನ್ನು ಕೂಗಿದ್ದು ಅವರಿಗೆ ನೆನಪಿದ್ದ ಮಟ್ಟಿಗೆ ಅದೇ ಮೊದಲು. ಅವರಿಗೆ ಬಹಳ ಸಂತೋಷವಾಯಿತು.

ಮಧ್ಯಾಹ್ನದ ಹೊತ್ತಿಗೆ ಸ್ಕ್ರೂಡ್ರೈವರ್ ಕೈಗೆ ಬಂತು. ಅದರ ಹಿಂದೆ ಜನವೂ ಬಂದರು. ಅಜ್ಜಿ ಸ್ಟೂಲು ನೋಡಲು, ಟೈಲರಕ್ಕ ಅಜ್ಜಿಯ ಜೊತೆಗೆ, ಮೇಷ್ಟ್ರು ಗದ್ದಲ ಕೇಳಿ, ಪ್ಲಂಬರ್ ತನ್ನ ಸ್ಕ್ರೂಡ್ರೈವರಿನ ಯೋಗಕ್ಷೇಮಕ್ಕಾಗಿ.

"ಬಟ್ಟೆ ಪಟ್ಟಿ ಸುತ್ತಿ ಸಾರ್, ಗಟ್ಟಿ ನಿಲ್ಲುತ್ತೆ."

"ಮೊಳೆ! ನಾಲ್ಕು ಮೊಳೆ ಹೊಡೀರಿ!"

"ನಾನೇ ಮಾಡಿಬಿಡ್ಲಾ ಸಾರ್? ಎರಡು ನಿಮಿಷದ ಕೆಲಸ," ಎಂದ ಪ್ಲಂಬರ್.

"ಬೇಡ ಬೇಡ!" ಕಿಟಕಿಯವರು ಸ್ಟೂಲನ್ನು ಮಗುವಿನಂತೆ ಅವಚಿಕೊಂಡರು. ಪ್ಲಂಬರ್ ಪಾಪ, ತಾನು ಪೈಪಿಗೆ ಹಚ್ಚುವ ಗೋಂದನ್ನಾದರೂ ಇಟ್ಟುಕೊಳ್ಳಿ ಎಂದು ಕೊಟ್ಟ. ಅವರು ಕಾಲಿಗೆ ಗೋಂದು ಬಳಿದು, ಸಿಕ್ಕಿಸಿ, ಸ್ಕ್ರೂ ತಿರುಗಿಸಿ, ಸ್ಟೂಲನ್ನು ನಿಲ್ಲಿಸಿ, ಗೋಂದು ಮೆತ್ತಿದ್ದ ಎಡ ಅಂಗೈಯನ್ನು ಮೇಲೆ ಒತ್ತಿ "ನೋಡಿ ಅಜ್ಜಿ!" ಎಂದರು. ಸ್ಟೂಲು ನಿಂತಿತು. ಕೈ ಮಾತ್ರ ವಾಪಸು ಬರಲಿಲ್ಲ.

ಮೇಷ್ಟ್ರು ಸೀಟಿ ಊದಿದರು. ಎಲ್ಲರೂ ಸೇರಿ ಒಂದು ಕಡೆ ಸ್ಟೂಲು, ಇನ್ನೊಂದು ಕಡೆ ಕಿಟಕಿಯವರನ್ನು ಹಿಡಿದು ಎಳೆದರು. ಆ ಜಗ್ಗಾಟದಲ್ಲಿ ಯಾರದೋ ಮೊಣಕೈ ರಿಮೋಟಿಗೆ ತಗುಲಿ ಟೀವಿ ಹೊತ್ತಿಕೊಂಡಿತು. ಹಿಂದಿನ ಸಂಜೆ ಆರಿಸದೆ ಬಿಟ್ಟಿದ್ದ ಆಟ ಅಲ್ಲೇ ಇತ್ತು. ಟೋಪಿ ಹುಡುಗಿ ಹಂಡೆ ಕಲಕುತ್ತ ನಿಂತಿದ್ದಳು, ಗುಡಿಸಲ ಬಾಗಿಲಲ್ಲಿ ಬಾವಿಕಟ್ಟೆಯ ಅಜ್ಜಿ ಕಾಯುತ್ತಿದ್ದಳು. ಠಣ್ ಠಣ್ ಠಣ್. ಟಿಣಿಂಗ್.

ಎಳೆಯುವುದನ್ನು ಬಿಟ್ಟು ಎಲ್ಲರೂ ಟೀವಿಯ ಕಡೆ ತಿರುಗಿದರು.

"ಓ, ದಿನಾ ಬಡಿಯೋದು ಇದೇನಾ!" ಎಂದರು ಅಜ್ಜಿ.

ಕಿಟಕಿಯವರ ಕಿವಿ ಬಿಸಿಯಾಯಿತು. ಹೌದು ಎಂದರು. ಹುಡುಗಿ, ಹಂಡೆ, ಊರು, ಎಲ್ಲ ಹೇಳಿದರು. ನಗುತ್ತಾರೆ ಎಂದು ಕಾದರು. ಅಜ್ಜಿ ಮಾತ್ರ ಇದ್ದ ಒಂದೇ ಸೋಫಾದಲ್ಲಿ ಕೂತು, ಪರದೆಗೆ ಮುಖ ಒಡ್ಡಿ ಕೇಳಿದರು. "ಆ ಮುದುಕಿ ಯಾಕೆ ಮುಖ ಸಣ್ಣ ಮಾಡ್ಕೊಂಡಿದಾಳೆ?"

"ಮೊಣಕಾಲು ನೋವು ಅಜ್ಜಿ. ಎಣ್ಣೆ ಕೇಳಿದಾರೆ."

"ಅಯ್ಯೋ ಪಾಪ! ಮಾಡಿಕೊಡೋದು ಬಿಟ್ಟು ಸುಮ್ಮನೆ ನಿಂತಿದೀಯಲ್ಲ!"

"ಕೈ ಅಂಟ್ಕೊಂಡಿದೆ."

"ಹಾಗಿದ್ರೆ ಆ ಬಟನ್ ಡಬ್ಬಿ ಇತ್ಲಾಗೆ ಕೊಡು."

ಆಮೇಲಿನ ಒಂದು ಗಂಟೆ ಕಿಟಕಿಯವರ ಜೀವನದ ಚಿನ್ನದಂಥ ಗಂಟೆ. ಅಜ್ಜಿ ಆಡಿದರು. ಟೈಲರಕ್ಕ ಹುಡುಗಿಯ ಗೌನಿನ ಹೊಲಿಗೆ ಮೆಚ್ಚಿಕೊಂಡು "ಅಲ್ಲಿ ಹೂವಿದೆ ಅಜ್ಜಿ, ಕಿತ್ಕೊಳ್ಳಿ" ಎಂದರು. ಭೂತ ಎದುರಾದಾಗ ಮೇಷ್ಟ್ರು ಸೀಟಿ ಊದಿದರು. ಅಂಟಿಕೊಂಡ ಸ್ಟೂಲಿನ ಸಮೇತ ಕಿಟಕಿಯವರು ಎಲ್ಲರ ನಡುವೆ ನಿಂತು "ಅಲ್ಲಲ್ಲ, ಆ ಸೊಪ್ಪಲ್ಲ, ಪಕ್ಕದ ಸೊಪ್ಪು! ಈಗ ಬಾವಿಯಿಂದ ಕಪ್ಪೆ ಹಾರುತ್ತೆ ನೋಡಿ!" ಎಂದು ದಾರಿ ತೋರಿಸಿದರು. ಎಣ್ಣೆ ಟಿಣಿಂಗ್ ಎಂದು ಸಿದ್ಧವಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಮನೆಯ ಗೋಡೆಗೆ ಅಷ್ಟು ಸದ್ದು ಹೊಡೆದು ವಾಪಸು ಬರುವುದನ್ನು ಕೇಳಿ ಕಿಟಕಿಯವರ ಕಣ್ಣು ತೇವವಾಯಿತು. ಗೋಂದಿನ ವಾಸನೆಗೆ ಎಂದು ಹೇಳಿಕೊಂಡರು.

ಬಿಸಿನೀರು ಹಾಕಿದರೆ ಕೈ ಬಿಡುತ್ತದೆ ಎಂದ ಪ್ಲಂಬರ್. ಕಿಟಕಿಯವರು ಸ್ಟೂಲಿನೊಂದಿಗೆ ಅಡುಗೆಮನೆಗೆ ಹೋದರು. ಕೈ ಬಿಟ್ಟಿತು. ಆ ಖುಷಿಯಲ್ಲಿ ಎಲ್ಲರಿಗೂ ಟೀಗೆ ನೀರಿಟ್ಟರು. ಮನೆಯಲ್ಲಿದ್ದದ್ದು ಎರಡೇ ಟೀ ಕಪ್. ಉಳಿದವರಿಗೆ ಲೋಟ ಹುಡುಕಿ ತೊಳೆದು ತಂದು ನೋಡಿದರೆ ಟೀವಿ ಕಪ್ಪಾಗಿತ್ತು. ಪ್ಲಂಬರ್ ವೈರುಗಳನ್ನು ಸುತ್ತುತ್ತಿದ್ದ. ಪೆಟ್ಟಿಗೆ ಮೇಷ್ಟ್ರ ಕಂಕುಳಲ್ಲಿತ್ತು.

"ನಿನ್ನ ಮನೇಲಿ ಕೂರೋಕೆ ಜಾಗ ಇಲ್ಲಪ್ಪ," ಎಂದರು ಅಜ್ಜಿ. "ನಮ್ಮನೆ ಟೀವಿ ದೊಡ್ಡದು, ಹಾಲ್ ಕೂಡ ದೊಡ್ಡದು. ಸ್ವಲ್ಪ ದಿನ ಅಲ್ಲಿರ್ಲಿ."

"ಆಗ್ಲಿ ಅಜ್ಜಿ. ಟೀ ಅಲ್ಲಿಗೇ ತರ್ತೀನಿ, ನಡೀರಿ..."

"ನೀವು ಬರ್ಬೇಡಿ ಸಾರ್!" ಎಂದರು ಟೈಲರಕ್ಕ. "ನೀವು ಎಲ್ಲಾ ನೋಡಿಬಿಟ್ಟಿದೀರ. ಕಪ್ಪೆ ಹಾರುತ್ತೆ ಅಂತ ಮೊದಲೇ ಹೇಳಿಬಿಟ್ರಿ. ನಮಗೇನು ಮಜಾ ಉಳೀತು?"

ಎಲ್ಲರೂ ಹೋದರು. ಟೀ ಆರಿತು. ಅಡುಗೆಮನೆಯಲ್ಲಿ ಸ್ಟೂಲೊಂದೇ ಉಳಿದಿತ್ತು, ಅದನ್ನು ಎಲ್ಲರೂ ಮರೆತಿದ್ದರು.

ಕಿಟಕಿಯವರು ಕಪ್ಪು ಟೀವಿಯ ಮುಂದೆ ಕೂತರು. ಅದರಲ್ಲಿ ಅವರ ಮುಖವೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಪ್ಲಂಬರ್ ವೈರು ಜೋಡಿಸಿ ಬಂದು ತನ್ನ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಕೆಳಗೆ ನಗು, ಸೀಟಿ, ಆಗಾಗ ಟಿಣಿಂಗ್. ಬಾವಿಕಟ್ಟೆಯ ಅಜ್ಜಿ ಈಗ ಬೇರೆಯವರಿಗೆ ಕೈ ಬೀಸುತ್ತಿದ್ದಳು. ಇಡೀ ವರ್ಷ ಒಂಟಿಯಾಗಿದ್ದಾಗ ಆಗದಷ್ಟು ಸಂಕಟ ಆ ಒಂದು ಸಂಜೆ ಅವರಿಗಾಯಿತು.

ಆಗ ಕರೆಗಂಟೆ ಬಾರಿಸಿತು! ಓಡಿಹೋಗಿ ತೆಗೆದರು. ಡ್ರಿಲ್ ಮೇಷ್ಟ್ರು.

"ಆ ಸ್ಟೂಲು ಕೊಡಿ. ಎದುರು ಬಿಲ್ಡಿಂಗಿನವರೂ ಬಂದಿದಾರೆ, ಕೂರೋಕೆ ಸಾಲ್ತಿಲ್ಲ."

"ಒಂದ್ನಿಮಿಷ ಮೇಷ್ಟ್ರೇ, ಸ್ಕ್ರೂ ಒಂಚೂರು ನೋಡಿ ಕೊಡ್ತೀನಿ," ಎಂದು ಕಿಟಕಿಯವರು ಅಡುಗೆಮನೆಗೆ ಹೋದರು.

ಆ ಆಟದಲ್ಲಿ ಬೇಕರಿಯವನ ಲಟ್ಟಣಿಗೆ ಆಗಾಗ ಮುರಿಯುತ್ತಲೇ ಇರುತ್ತದೆ. ಮುರಿದಾಗಲೇ ಅವನಿಗೆ ಹುಡುಗಿಯ ನೆನಪು. ಗಟ್ಟಿಯಾಗಿ ಉಳಿದ ವಸ್ತುವನ್ನು ಹಿಡಿದುಕೊಂಡು ಯಾರೂ ಗುಡಿಸಲಿಗೆ ಬರುವುದಿಲ್ಲ. ಕಿಟಕಿಯವರು ಸ್ಕ್ರೂಡ್ರೈವರ್ ತೆಗೆದುಕೊಂಡು, ಗೋಂದು ಹಿಡಿಯದ ಕಾಲೊಂದನ್ನು ಹುಡುಕಿ, ಅದರ ಸ್ಕ್ರೂವನ್ನು ಉಲ್ಟಾ ತಿರುಗಿಸಿದರು. ಆಮೇಲೆ ಮರ್ಯಾದೆಯಿಂದ ಸ್ಟೂಲನ್ನು ಮೇಷ್ಟ್ರ ಕೈಗಿಟ್ಟರು.

ಮುಖ ತೊಳೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಹಿಂದೆ ನಿಂತು "ಚಿಂತೆ ಬಿಡಿ ಅಜ್ಜಿ, ಅಲ್ಲಿಗೇ ಬಂದು ಮಾಡಿಕೊಡ್ತೀನಿ" ಎಂದು ಎರಡು ಸಲ ಮೆಲ್ಲಗೆ ಹೇಳಿ ನೋಡಿಕೊಂಡರು.

ಕೆಳಗೆ ದಡಾರ್ ಎಂದಿತು. "ಅಯ್ಯಯ್ಯೋ!" ಎಂದು ಟೈಲರಕ್ಕ ಕೂಗಿದರು. ಆಮೇಲೆ ನಗು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಸ್ಟೂಲಿನ ಕಾಲು ಗೋಡೆಗೆ ತಾಗುವ ಸದ್ದು ಒಂದೊಂದೇ ಮೆಟ್ಟಿಲು ಹತ್ತಿ, ಅವರ ಬಾಗಿಲ ಮುಂದೆ ಬಂದು ನಿಂತಿತು. ಕಿಟಕಿಯವರು ಚಿಲಕದ ಮೇಲೆ ಕೈಯಿಟ್ಟರು.

"ಇವರನ್ನೇ ಕೇಳೋಣ್ವಾ?" ಮೇಷ್ಟ್ರ ದನಿ.

"ಬೇಡಪ್ಪ, ಪಾಪ, ಅವನ ಕೈಲಾಗಲ್ಲ," ಎಂದರು ಅಜ್ಜಿ. "ಇಲ್ಲಲ್ಲ, ಪಕ್ಕದ ಮನೆ."

ಪಕ್ಕದ ಮನೆಯ ಗಂಟೆ ಬಾರಿಸಿತು. ಬಾಗಿಲು ತೆರೆಯಿತು, ಮಾತಾಯಿತು. ಕಿಟಕಿಯವರು ಚಿಲಕ ಹಿಡಿದುಕೊಂಡೇ ನಿಂತಿದ್ದರು.

ಒಂದು ನಿಮಿಷ ಕಳೆದು ಅವರ ಗಂಟೆಯೂ ಬಾರಿಸಿತು. ತಟ್ಟನೆ ತೆಗೆದರೆ ಪ್ಲಂಬರ್.

"ಸಾರ್, ನನ್ನ ಸ್ಕ್ರೂಡ್ರೈವರು ನಿಮ್ಮತ್ರಾನೇ ಉಳೀತು."

ಕಿಟಕಿಯವರು ಕೊಟ್ಟರು.

"ಥ್ಯಾಂಕ್ಸ್ ಸಾರ್," ಎಂದು ಅವನು ಹೋದ.